ಖಾಲಿ ಬಿಟ್ಟ ಕೋವಿ ನಂಬರು

ರಕ್ತ ಒಣಗಿ ಹಪ್ಪಳದಂತೆ ಗಟ್ಟಿಯಾಗಿದ್ದ ಪಂಚೆಯನ್ನು ಕೇಶವ ತಂದು ಭವ್ಯಾಳ ಕೀಬೋರ್ಡಿನ ಮೇಲೇ ಎಸೆದ.

"ಇದ್ನೂ ಹಾಕ್ಕಂಬಿಡಿ ನಿಮ್ಮ ಕಂಪ್ಯೂಟರಿಗೆ," ಅಂದ. "ನನ್ನ ತಮ್ಮ ದತ್ತಾನ್ದು. ನಿನ್ನೆ ಗದ್ದೆಲಿ ಹಂದಿ ತೊಡೆ ಸೀಳ್ತು. ಎಲುಬು ಕಾಣ್ತದೆ ಅಕ್ಕೋರೆ, ಬಿಳೀ ಎಲುಬು. ಕೈಲಿ ಕೋವಿ ಇದ್ದಿದ್ರೆ ಒಂದು ಈಡಿಗೆ ಮುಗೀತಿತ್ತು. ದೊಣ್ಣೆ ಹಿಡ್ಕಂಡು ಹೋಗಿದ್ದ ನನ್ನ ತಮ್ಮ, ದೊಣ್ಣೆ!"

ಅವನ ಹಿಂದೆ ಬಾಗಿಲ ತುಂಬ ಜನ. ಅಂಕೋಲೆಯ ಕಡೆಯಿಂದ ಬೆಳಗಿನ ಬಸ್ಸಿಗೆ ಕಾರವಾರಕ್ಕೆ ಬಂದವರು. ಎಲ್ಲರದೂ ಒಂದೇ ದೂರು. ಚುನಾವಣೆಗೆ ಮುಂಚೆ ಪದ್ಧತಿಯಂತೆ ಬೆಳೆ ಕಾಯುವ ಕೋವಿಗಳನ್ನು ಠಾಣೆಯಲ್ಲಿ ಇಟ್ಟಿದ್ದರು. ಚುನಾವಣೆ ಮುಗಿಯಿತು, ಗೆದ್ದವರ ಮೆರವಣಿಗೆಯೂ ಮುಗಿಯಿತು, ಕೋವಿ ಮಾತ್ರ ಬರಲಿಲ್ಲ. ಹೊಸ ಕಂಪ್ಯೂಟರಿನಲ್ಲಿ ಯಾರ ಪರವಾನಗಿ ಕಾಣುತ್ತದೋ ಅವರ ಕೋವಿ ಮಾತ್ರ ವಾಪಸು ಎಂದು ಆದೇಶ ಬಂದಿತ್ತು. ಇತ್ತ ಭತ್ತ ಹಾಲುಗಟ್ಟುತ್ತಿತ್ತು, ಹಂದಿಗಳಿಗೆ ಆದೇಶ ಗೀದೇಶ ಗೊತ್ತಿರಲಿಲ್ಲ.

ಆ ಕಂಪ್ಯೂಟರಿಗೆ ಹೆಸರುಗಳನ್ನು ತುಂಬುವ ಗುತ್ತಿಗೆ ಕೆಲಸ ಭವ್ಯಾಳದು. ಒಂದೊಂದಾಗಿ ಬರೆಯುವ ಕೆಲಸವಲ್ಲ ಅದು. ಹಳೆಯ ರಿಜಿಸ್ಟರುಗಳನ್ನೆಲ್ಲ ಟೈಪು ಮಾಡಿಸಿ, ಇಡೀ ರಾಶಿಯನ್ನು ಒಂದೇ ಏಟಿಗೆ ಡೇಟಾಬೇಸಿಗೆ ಸುರಿಯುವುದು. ಸುರಿಯುವಾಗ ಯಂತ್ರ ಪ್ರತಿ ಸಾಲನ್ನೂ ಬಾಗಿಲಲ್ಲಿ ನಿಲ್ಲಿಸಿ ನೋಡುತ್ತದೆ. ಹುಟ್ಟಿದ ತಾರೀಖಿಲ್ಲವೇ, ಹೊರಗೆ. ಕೋವಿಯ ನಂಬರಿಲ್ಲವೇ, ಹೊರಗೆ. ಹೊರಗೆ ಬಿದ್ದ ಸಾಲುಗಳೆಲ್ಲ ಬೇರೊಂದು ಫೈಲಿನಲ್ಲಿ ಗುಡ್ಡೆ ಬೀಳುತ್ತವೆ. ತಿರಸ್ಕೃತ ಫೈಲು ಎಂದು ಅದರ ಹೆಸರು. ಮೊರದಲ್ಲಿ ಗೇರುವಾಗ ಹಾರಿದ್ದೆಲ್ಲ ಜೊಳ್ಳಲ್ಲ, ಕಾಳೂ ಹಾರುತ್ತದೆ. ಗೇರಿ ಗೊತ್ತಿದ್ದವಳು ಹಾರಿ ಬಿದ್ದದ್ದರ ಮೇಲೆ ಇನ್ನೊಮ್ಮೆ ಕೈಯಾಡಿಸದೆ ಏಳುವುದಿಲ್ಲ. ಆದರೆ ಗುತ್ತಿಗೆ ಕಂಪನಿಯ ಮೇಲ್ವಿಚಾರಕ ಉಮೇಶ ಗೇರಿದವನಲ್ಲ. "ಬೀಳೂದು ಬೀಳ್ಲಿ, ಮುಂದಿನ ತಾಲೂಕು ಸುರಿ," ಎಂದಿದ್ದ. ಹೀಗಾಗಿ ಆ ಫೈಲನ್ನು ಯಾರೂ ತೆರೆದಿರಲಿಲ್ಲ. ಕೇಶವ ಅದರೊಳಗಿದ್ದ. ಬಾಗಿಲಲ್ಲಿ ನಿಂತವರೂ ಅದರೊಳಗೇ ಇದ್ದರು.

ಉಮೇಶ ಒಳಗಿನ ಕೋಣೆಯಿಂದ ಬಂದು, "ಆ ಹೊಲಸು ಬಟ್ಟೆ ತೆಗೀರಿ ಮೊದ್ಲು. ಇದು ಆಫೀಸಾ, ಆಸ್ಪತ್ರೆಯಾ?" ಅಂದ.

ಆ ಮಾತು ಆಡಬಾರದಿತ್ತು. ಕೇಶವ ಅವನ ಕೆನ್ನೆಗೆ ಬಾರಿಸಿದ ಸದ್ದು ಹೊರಗಿನ ಆಟೋ ಸ್ಟ್ಯಾಂಡಿಗೂ ಕೇಳಿಸಿತು. ಉಮೇಶ ಕುರ್ಚಿಯ ಸಮೇತ ಉರುಳಿದ. ಅದೇ ಹೊತ್ತಿಗೆ ಯಾರೋ ಹೊರಗಿನಿಂದ ಕಲ್ಲು ಬೀಸಿದರು, ಕೌಂಟರಿನ ಗಾಜು ಒಡೆದು ಭವ್ಯಾಳ ಮೇಲೆ ಸುರಿಯಿತು. ಏನೋ ಬೆಚ್ಚಗಿದ್ದದ್ದು ಹುಬ್ಬಿನಿಂದ ಕಣ್ಣಿಗಿಳಿಯಿತು. ಕೈಯಲ್ಲಿ ಒರೆಸಿ ನೋಡಿದಳು, ರಕ್ತ. ಕೀಬೋರ್ಡಿನ ಮೇಲೆ ದತ್ತಾನ ಒಣಗಿದ ರಕ್ತದ ಪಕ್ಕ ಅವಳ ಹಸಿ ರಕ್ತ ತೊಟ್ಟಿಕ್ಕಿತು.

ಕೇಶವನ ಸಿಟ್ಟು ಜರ್ರನೆ ಇಳಿಯಿತು. "ಅಯ್ಯೋ, ನಿಮ್ಗೆ ಅಲ್ಲ ಅಕ್ಕೋರೆ..." ಎನ್ನುತ್ತ ತನ್ನ ಹೆಗಲ ಟವೆಲು ಬಿಚ್ಚಿ ಅವಳ ಹಣೆಗೆ ಒತ್ತಿ ಹಿಡಿದ.

ಜನ ಚದುರಿದ ಮೇಲೆ, ಊದಿದ ಕೆನ್ನೆಗೆ ಐಸ್ ಒತ್ತಿಕೊಂಡು ಉಮೇಶ ಬಂದು ನಿಂತ. ಏಟು ತಿಂದವನಿಗೆ ಬುದ್ಧಿ ಬರುತ್ತದೆ ಎನ್ನುತ್ತಾರೆ. ಕೆಲವರಿಗೆ ಬರುವುದು ಹೆದರಿಕೆ ಮಾತ್ರ.

"ತಿರಸ್ಕೃತ ಫೈಲು ಸೊನ್ನೆ ಆಗ್ಬೇಕು," ಅಂದ. "ಒಂದು ಸಾಲೂ ಹೊರಗೆ ಉಳೀಬಾರ್ದು. ಏನಾರ ಮಾಡು."

"ಏನಾರ ಅಂದ್ರೆ? ಒಬ್ಬೊಬ್ಬರಿಗೂ ಫೋನ್ ಹಚ್ಚಿ ಕೇಳ್ಬೇಕು ಸರ್, ಯಾವ್ದು ಯಾಕೆ ಬಿತ್ತು ಅಂತ."

"ಯಾಕೆ ಬಿತ್ತು ನಿಂಗೆ ಯಾಕೆ? ಖಾಲಿ ಇದ್ದದ್ದು ತುಂಬು. ಕೋವಿ ನಂಬರಿಲ್ದಿದ್ರೆ ಠಾಣೆಯ ರಶೀದಿ ನೋಡಿ ಹಾಕು. ನಂಗೆ ಇನ್ನೊಂದು ಕೆನ್ನೆ ಕೊಡೂಕೆ ಮನಸ್ಸಿಲ್ಲ."

ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದು ಭವ್ಯಾ ಕೂತಳು. ಮೊದಮೊದಲು ಪ್ರತಿ ಸಾಲಿಗೂ ಫೋನು ಮಾಡಿ ಕೇಳಿಯೇ ತಿದ್ದಿದಳು. ಕೇಶವನದು ಹುಟ್ಟಿದ ತಾರೀಖಿನ ದೋಷ. ಅವನ ಅಪ್ಪ ಬರೆಸಿದ್ದು ಹುಣ್ಣಿಮೆ ಅಮಾವಾಸ್ಯೆಯ ಲೆಕ್ಕದಲ್ಲಿ, ಯಂತ್ರಕ್ಕೆ ಅದು ತಿಳಿಯಲಿಲ್ಲ. ಹೊತ್ತು ಹೋದಂತೆ ಹಣೆ ಸಿಡಿಯತೊಡಗಿತು, ಉಮೇಶ ಹಿಂದೆಯೇ ಅಡ್ಡಾಡುತ್ತಿದ್ದ. ಕೇಳುವುದು ಕಡಿಮೆಯಾಯಿತು, ತುಂಬುವುದು ಹೆಚ್ಚಾಯಿತು.

ಕೊನೆಗೆ ಉಳಿದವು ಕೋವಿಯ ನಂಬರೇ ಇಲ್ಲದ ಕೆಲವು ಸಾಲುಗಳು. ಹಳೆಯ ರಿಜಿಸ್ಟರು ತೆಗೆದು ನೋಡಿದಳು. ಹೆಚ್ಚಿನವು ಅವಸರದಲ್ಲಿ ಗೀಚಿದವು, ನಂಬರಿನ ಜೊತೆ ಇನ್ನೂ ನಾಲ್ಕು ಕಾಲಮ್ಮಿನ ಮನೆ ಖಾಲಿ. ಒಂದು ಮಾತ್ರ ಬೇರೆ ಥರ ಇತ್ತು. ಬೊಮ್ಮಯ್ಯ, ಅವರ್ಸಾದ ಆಚೆಯ ಕೇರಿ, ಬಾಯಿಂದ ಮದ್ದು ತುಂಬುವ ಜೋಡುನಳಿಗೆಯ ಕೇಪಿನ ಕೋವಿ. ಅಪ್ಪನ ಹೆಸರು, ಸರ್ವೆ ನಂಬರು, ಗದ್ದೆಯ ಗುಂಟೆ, ಫೋನು, ಎಲ್ಲ ಮುತ್ತು ಪೋಣಿಸಿದಂತೆ ಬರೆದಿತ್ತು. ಕೋವಿಯ ನಂಬರಿನ ಮನೆ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ. ಬುಕ್ಕಿನ ಅಕ್ಷರವೆಲ್ಲ ಒಬ್ಬರದೇ, ಅವಳಿಗೆ ಗೊತ್ತಿದ್ದದ್ದೇ. ಹಬ್ಬುವಾಡದ ಅವಳ ಓಣಿಯಲ್ಲೇ ಇರುವ, ನಿವೃತ್ತ ಗುಮಾಸ್ತ ಹರಿಶ್ಚಂದ್ರ ಮಾಮನದು.

ಇಷ್ಟೆಲ್ಲ ಬರೆದವರು ಇದೊಂದನ್ನು ಯಾಕೆ ಬಿಟ್ಟರು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಹಿಡಿದು ನಿಲ್ಲಿಸಲಿಲ್ಲ. ಹಿಂದಿನ ಯಾವುದೋ ಚುನಾವಣೆಯಲ್ಲಿ ಠಾಣೆಯವರು ಕೋವಿ ಇಟ್ಟುಕೊಂಡ ರಶೀದಿ ಹುಡುಕಿ, ಅದರಲ್ಲಿದ್ದ ನಂಬರು ತುಂಬಿದಳು. ಯಂತ್ರ ಒಪ್ಪಿಕೊಂಡಿತು. ತಿರಸ್ಕೃತ ಫೈಲು ಸೊನ್ನೆಯಾಯಿತು.

ಯಾರ ಸಾಲು ತಿದ್ದಿದ್ದಳೋ ಅವರಿಗೆಲ್ಲ ಅವಳೇ ಫೋನು ಮಾಡಿ ತಿಳಿಸಿದಳು. ಬೊಮ್ಮಯ್ಯನಿಗೂ.

"ಮೂರು ವರ್ಷದಿಂದ ಇಲ್ಲ ಇಲ್ಲ ಅಂತಿದ್ರು," ಅಂದ ಬೊಮ್ಮಯ್ಯ. ದನಿ ತಣ್ಣಗಿತ್ತು. "ಈಗ ಹೆಂಗೆ ಆಯ್ತು?"

"ನಿಮ್ಮದ್ರಲ್ಲಿ ಎಲ್ಲಾ ಇತ್ತು ಮಾರಾಯ್ರೆ, ಕೋವಿ ನಂಬರೊಂದು ಬಿಟ್ಟು. ಯಾರೋ ಬೇಕು ಅಂತ್ಲೇ ಬಿಟ್ಟ ಹಂಗಿತ್ತು. ನಾ ತುಂಬಿದೆ."

"ಬೇಕು ಅಂತ್ಲೇ," ಅಂದ. "ಯಾರ್ದು ಆ ಬುಕ್ಕು?"

"ಹಳೇ ಕ್ಲರ್ಕು ಹರಿಶ್ಚಂದ್ರ ಅಂತ. ಈಗ ರಿಟೈರಾಗಿದ್ದಾರೆ."

"ಉಪಕಾರ ಆಯ್ತು ಅಕ್ಕೋರೆ. ದೊಡ್ಡ ಉಪಕಾರ."

ಶನಿವಾರ ಠಾಣೆಯಲ್ಲಿ ಕೋವಿಗಳನ್ನು ಹಂಚಿದರು. ಸಂಜೆ ಕೇಶವ ಫೋನು ಮಾಡಿ, ತಮ್ಮ ಎದ್ದು ಕೂತ, ಹಂದಿ ಹೊಡೆದರೆ ನಿಮಗೊಂದು ಪಾಲು ಎಂದ. ತಾವು ಹಂದಿ ತಿನ್ನುವವರಲ್ಲ ಎಂದು ಭವ್ಯಾ ನಕ್ಕಳು.

ಭಾನುವಾರ ಬೆಳಿಗ್ಗೆ ಓಣಿಯ ತಿರುವಿನಲ್ಲಿ ಮೀನಿನ ಬುಟ್ಟಿಯ ಮುಂದೆ ಹರಿಶ್ಚಂದ್ರ ಮಾಮ ಕುಕ್ಕರುಗಾಲಲ್ಲಿ ಕೂತು ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದರು.

"ಇದು ಯಾವ ಚುನಾವಣೆಗೆ ನಿಂತ ಬಂಗುಡೆ ಮಾರಾಯ್ತಿ? ಕಣ್ಣೆಲ್ಲ ಬೆಳ್ಳಗಾಗ್ಯದೆ," ಅಂದರು ಮೀನಿನವಳಿಗೆ.

"ನಿಮ್ಮ ಕಣ್ಣಿಗಿಂತ ಚಲೋ ಅದೆ ತಗಳಿ," ಅಂದಳು ಅವಳು.

ಭವ್ಯಾಳ ಹಣೆ ನೋಡಿ ಮಾಮ ಎದ್ದರು. "ಎಂತದೇ ಇದು? ಹೆಣ್ಮಕ್ಕಳು ಹಣೆಗೆ ಕುಂಕುಮ ಹಚ್ತಾರೆ, ನೀ ಪಟ್ಟಿ ಹಚ್ಕಂಡೆಯಲ್ಲ!"

"ನಿಮ್ಮ ಹಳೇ ಬುಕ್ಕಿನ ಕಾಣಿಕೆ ಮಾಮಾ. ಹೆಸರು ಹರಿಶ್ಚಂದ್ರ, ಬರ್ದದ್ದು ಮಾತ್ರ ಅರ್ಧ ಸತ್ಯ. ಆ ಬೊಮ್ಮಯ್ಯನ ಕೋವಿಗೆ ನಂಬರೇ ಹಾಕ್ಲಿಲ್ಲ ನೀವು. ನಾನೇ ತುಂಬಿ, ನಿನ್ನೆ ಕೋವಿನೂ ಕೊಡ್ಸಿದೆ."

ಮಾಮನ ಕೈಯ ಬಂಗುಡೆ ಜಾರಿ ಮಣ್ಣಿಗೆ ಬಿತ್ತು. ಅದನ್ನು ಎತ್ತಲಿಲ್ಲ.

"ಯಾರಿಗೆ ಕೊಡ್ಸಿದೆ?"

"ಬೊಮ್ಮಯ್ಯಂಗೆ. ಅವರ್ಸಾದ..."

"ಅವನ ಹೆಂಡತಿ ಗಂಗೂಗೆ ಎಡಗೈಲಿ ಎರಡು ಬೆರಳಿಲ್ಲ," ಅಂದರು ಮಾಮ. "ಆ ಕೋವಿ ತಿಂದದ್ದು. ಸಾರಿಗೆ ಉಪ್ಪು ಹೆಚ್ಚಾಯ್ತು ಅಂತ ಅಂವ ಕೋವಿ ತಂದು ಎದೆಗೆ ಹಿಡ್ದ. ಇವಳು ನಳಿಗೆ ಬಾಯಿಗೆ ಕೈ ಅಡ್ಡ ಹಿಡಿದ್ಲು. ಠಾಣೇಲಿ ಎಂತ ಹೇಳಿದ್ಲು ಗೊತ್ತದೆ? ಕೋವಿ ತೊಳೀವಾಗ ಹಾರ್ತು ಅಂದ್ಲು. ಅಂವ ಪಕ್ಕದಲ್ಲೇ ನಿಂತಿದ್ದ, ಮತ್ತೆಂತ ಹೇಳ್ತಾಳೆ? ಕೇಸಿಲ್ಲ. ಕೇಸಿಲ್ದೆ ಪರವಾನಗಿ ರದ್ದು ಮಾಡೂಕೆ ಬರೂದಿಲ್ಲ. ಗಾಯ ಮಾಯೂಕೆ ಮುಂಚೆ ಚುನಾವಣೆ ಬಂದು ಕೋವಿ ಠಾಣೆಗೆ ಬಂತಲ್ಲ, ಆಗ ಇವಳು ಕೈ ಪಟ್ಟಿ ಬದಲಿಸ್ಕಂಬತ್ತೆ ಅಂತ ಸುಳ್ಳು ಹೇಳಿ ಒಬ್ಬಳೇ ಕಾರವಾರಕ್ಕೆ ಬಂದ್ಲು. ನನ್ನ ಕಾಲು ಹಿಡಿದ್ಲು. ಒಡೆಯಾ, ಆ ಕೋವಿ ಮನೆಗೆ ಬರ್ದಂಗೆ ಮಾಡಿ ಅಂದ್ಲು. ರದ್ದು ಮಾಡೂದು ನನ್ನ ಕೈಲಿಲ್ಲ. ಹೊಸ ಬುಕ್ಕಿಗೆ ಇಳಿಸ್ವಾಗ ನಂಬರು ಬಿಡೂದು ನನ್ನ ಕೈಲಿತ್ತು. ಬಿಟ್ಟೆ. ಅಂವ ಬಂದಾಗೆಲ್ಲ ಮೂಲ ಆರ್ಡರ್ ತಾ, ನಕಲು ತಾ ಅಂತ ಅಲೆಸಿದೆ."

"ಯಾರಿಗಾದ್ರೂ ಹೇಳ್ಬೇಕಿತ್ತು ಮಾಮಾ!"

"ಹೇಳಿದ್ರೆ ಬರೀಬೇಕಾಗ್ತಿತ್ತು. ಬರೆದ್ರೆ ಅವಂಗೆ ಗೊತ್ತಾಗ್ತಿತ್ತು."

ಅವನಿಗೆ ಗೊತ್ತಾಗಿತ್ತು. ಬೇಕು ಅಂತಲೇ ಬಿಟ್ಟದ್ದು ಎಂದು ಭವ್ಯಾ ತಾನೇ ಬಾಯಾರೆ ಹೇಳಿದ್ದಳು, ನಗುನಗುತ್ತ.

ಅವಳು ಮೊಬೈಲು ತೆಗೆದು ಬೊಮ್ಮಯ್ಯನ ಸಾಲಿನಲ್ಲಿದ್ದ ನಂಬರು ಹುಡುಕಿದಳು. ಗಂಗೂಗೆ ಎಚ್ಚರಿಸಬೇಕು. ಮಾಮ ಅವಳ ಮಣಿಕಟ್ಟು ಹಿಡಿದರು.

"ಆ ನಂಬರು ಯಾರ್ದು? ಅವಂದು. ಅವಳಿಗೆ ಫೋನಿಲ್ಲ. ಗಾಡಿ ತೆಗಿ."

ಠಾಣೆಗೆ ಫೋನು ಮಾಡಿದ್ದು ಸ್ಕೂಟರಿನ ಹಿಂದೆ ಕೂತ ಮಾಮ. ಗಾಳಿಯಲ್ಲಿ ಕೂಗಿ ಕೂಗಿ ಹೇಳಿದರು. ಹೆದ್ದಾರಿಯಲ್ಲಿ ಗ್ಯಾಸಿನ ಟ್ಯಾಂಕರು ಮಗುಚಿ ಎಲ್ಲರೂ ಅಲ್ಲಿದ್ದಾರೆ, ಸಂದೀಪ ಎಂಬ ಪೇದೆಯನ್ನು ಈಗಲೇ ಬೈಕಿನಲ್ಲಿ ಕಳಿಸುತ್ತೇವೆ ಎಂದು ಉತ್ತರ ಬಂತು. ಬಿಣಗಾ ದಾಟಿತು, ಅಮದಳ್ಳಿ ದಾಟಿತು. ಎದುರು ಬಂದ ಲಾರಿಗಳಿಗೆ ಭವ್ಯಾ ದಾರಿ ಬಿಡಲಿಲ್ಲ, ಅವೇ ಬೈದುಕೊಂಡು ಬಿಟ್ಟವು. ಹಣೆಯ ಹೊಲಿಗೆ ಬಿಚ್ಚಿ ಹೆಲ್ಮೆಟ್ಟಿನೊಳಗೆ ರಕ್ತ ಒಸರುತ್ತಿತ್ತು. ಅವರ್ಸಾ ದಾಟಿ ಎಡಕ್ಕೆ ತಿರುಗಿ, ರೈಲು ಹಳಿಯ ಕೆಳಗಿನ ಮೋರಿಯಲ್ಲಿ ನುಗ್ಗಿ, ಗದ್ದೆಯ ಏರಿಯ ಮೇಲೆ ಹೋಗುವಷ್ಟು ಹೋಗಿ ಸ್ಕೂಟರನ್ನು ಅಲ್ಲೇ ಕೆಡವಿ ಓಡಿದರು.

ಅಂಗಳದ ಬೇಲಿಯ ಬಳಿ ಒಬ್ಬಳು ಮುದುಕಿ ಕೂತಿದ್ದಳು. ಬೊಮ್ಮಯ್ಯನ ತಾಯಿ ಕಾಮಿ. ಕೆಳದುಟಿ ಸೀಳಿ, ಕೊರಳ ಕರಿಮಣಿಗಳ ಮೇಲೆ ರಕ್ತ ಇಳಿದಿತ್ತು.

"ಅಡ್ಡ ಹೋದೆ," ಅಂದಳು, ಯಾರೆಂದೂ ಕೇಳದೆ. "ಹೆತ್ತವಳಿಗೂ ಹೊಡ್ದ."

ಒಳಗಿನಿಂದ ದಡ್, ದಡ್ ಎಂದು ಸದ್ದು ಬರುತ್ತಿತ್ತು. ಜಗಲಿಯ ಆಚೆ ಭತ್ತದ ಕೋಣೆಯ ಬಾಗಿಲಿಗೆ ಬೊಮ್ಮಯ್ಯ ಕೋವಿಯ ಹಿಡಿಯಿಂದ ಗುದ್ದುತ್ತಿದ್ದ. ಸಣಕಲು ಆಳು, ಹಣೆಗೆ ವಿಭೂತಿ, ಒಗೆದ ಬಿಳಿ ಪಂಚೆ. ಕುಡಿದಿರಲಿಲ್ಲ. ಕುಡಿದಿದ್ದರೆ ಕೈ ನಡುಗುತ್ತಿತ್ತೋ ಏನೋ.

"ಕೈ ಪಟ್ಟಿ ಬದಲಿಸೂಕೆ ಅಂತ ಕಾರವಾರಕ್ಕೆ ಹೋದದ್ದು ಇದಕ್ಕಾ!" ಎನ್ನುತ್ತಿದ್ದ ಬಾಗಿಲಿಗೆ. "ಮೂರು ವರ್ಷ ನಾ ದೊಣ್ಣೆ ಹಿಡ್ಕಂಡು ಗದ್ದೆ ಕಾದೆ. ಊರು ನಕ್ತು. ಕೋವಿ ಇಲ್ಲದ ಬೊಮ್ಮಯ್ಯ, ಕೋವಿ ಇಲ್ಲದ ಬೊಮ್ಮಯ್ಯ ಅಂತ. ನೀ ಒಳಗೆ ಕೂತು ನಗ್ತಿದ್ದೆ. ಬಾ ಹೊರಗೆ. ಉಳಿದ ಬೆರಳೂ ಲೆಕ್ಕ ಹಾಕುವ."

ಬಾಗಿಲ ಹಲಗೆ ನಡುವೆ ಸೀಳಿತು.

"ಬೊಮ್ಮಯ್ಯ," ಅಂದರು ಹರಿಶ್ಚಂದ್ರ ಮಾಮ. ಜಗಲಿ ಹತ್ತಿ ನಿಂತಿದ್ದರು, ಏದುಸಿರು ಬಿಡುತ್ತ. "ಆ ಬಾಗ್ಲು ಬಿಡು. ಬರೀದೆ ಬಿಟ್ಟವ ನಾನು. ಬುಕ್ಕು ನಂದು, ಪೆನ್ನು ನಂದು."

ಬೊಮ್ಮಯ್ಯ ತಿರುಗಿ ಅಡಿಯಿಂದ ಮುಡಿಯವರೆಗೆ ನೋಡಿದ.

"ಓಹೋ! ಸಾಹೇಬ್ರು ಮನೆಗೇ ಬಂದ್ರು. ಮೂಲ ಆರ್ಡರ್ ತಂದ್ರಾ? ನಕಲಾದ್ರೂ?"

"ಅವಳ ತಪ್ಪಿಲ್ಲ. ನಂಗೆ ಎಂತ ಮಾಡ್ತೆ ಮಾಡು."

"ಮಾಡ್ತೆ," ಅಂದ ಬೊಮ್ಮಯ್ಯ, ಮತ್ತು ಕೋವಿಯ ಹಿಡಿಯನ್ನು ಮುದುಕನ ದವಡೆಗೆ ಬೀಸಿದ.

ತೆಂಗಿನಕಾಯಿ ಒಡೆದ ಸದ್ದಾಯಿತು. ಮಾಮ ಜಗಲಿಯಿಂದ ಅಂಗಳಕ್ಕೆ ಬಿದ್ದರು. ಬಾಯಿಂದ ರಕ್ತವೂ ಹಲ್ಲೂ ಕೂಡಿ ಬಂದವು. ಬೊಮ್ಮಯ್ಯ ಇಳಿದು ಬಂದು ಪಕ್ಕೆಗೆ ಒದ್ದ, ಇನ್ನೊಮ್ಮೆ ಒದ್ದ. ಭವ್ಯಾ ಕೂಗಿದಳು. ಏನು ಕೂಗಿದಳೆಂದು ಆಮೇಲೆ ಅವಳಿಗೇ ನೆನಪಿರಲಿಲ್ಲ.

ಆಗ ಕೋಣೆಯ ಬಾಗಿಲು ಒಳಗಿನಿಂದ ತೆರೆಯಿತು.

ಗಂಗೂ ಹೊಸಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒನಕೆ. ಎಡಗೈಯ ಮೂರು ಬೆರಳು, ಬಲಗೈಯ ಐದು ಬೆರಳು, ಎಲ್ಲ ಒನಕೆಯನ್ನು ಬಿಗಿಹಿಡಿದಿದ್ದವು.

"ಅವರ್ನ ಬಿಡು," ಅಂದಳು. "ನಾ ಬಂದೆ."

ಬೊಮ್ಮಯ್ಯ ಕೋವಿಯನ್ನು ಹೆಗಲಿಗೇರಿಸಿದ. ಎರಡು ಮಾರು ದೂರ ಇರಲಿಲ್ಲ. ಅಷ್ಟು ಹತ್ತಿರದಿಂದ ಸೀಸದ ಚರೆಗಳು ಚದುರುವುದಿಲ್ಲ, ಒಟ್ಟಾಗಿ ಹೋಗಿ ಒಂದೇ ತೂತು ಮಾಡುತ್ತವೆ. ಬಲಗಡೆಯ ನಳಿಗೆಯ ಕುದುರೆ ಹಿಂದಕ್ಕೆ ಎಳೆದು ಕಣ್ಣು ಕಿರಿದು ಮಾಡಿ ಟ್ರಿಗರ್ ಒತ್ತಿದ.

ಟಪ್ ಎಂದು ಕೇಪು ಒಡೆಯಿತು. ಅಷ್ಟೇ. ಕೋವಿ ಹಾರಲಿಲ್ಲ.

ಬೊಮ್ಮಯ್ಯ ಕೋವಿಯನ್ನು ನೋಡಿದ, ಸಾಕಿದ ನಾಯಿ ತನ್ನನ್ನೇ ಕಚ್ಚಿದಂತೆ.

"ಅದಕ್ಕೆ ಗಂಜಿ ಕುಡ್ಸಿದ್ದೆ ನಾನು," ಅಂದಳು ಕಾಮಿ ಬೇಲಿಯ ಬದಿಯಿಂದ. ಸೀಳಿದ ತುಟಿಯಲ್ಲಿ ಮಾತು ತೊದಲುತ್ತಿತ್ತು. "ನೀ ನಿನ್ನೆ ಪೇಟೆಗೆ ಹೋಗಿ ಮದ್ದು ತಂದೆ. ಇವತ್ತು ಹೊತ್ತು ಏರಿದ ಮೇಲೆ ಈಡು ತುಂಬ್ದೆ. ಹಂದಿ ಯಾವಾಗಾದ್ರೂ ಹಗಲೊತ್ತಿಗೆ ಬತ್ತದೆಯಾ ಬೊಮ್ಮಾ? ನಂಗೆ ತಿಳೀತು. ನೀ ಬಾವಿಗೆ ಮೀಯೂಕೆ ಹೋದಾಗ ನಳಿಗೆಗೆ ಗಂಜಿ ಹೊಯ್ದೆ."

ಮುದುಕಿ ಅಷ್ಟಕ್ಕೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಆದರೆ ಸತ್ಯ ಹೇಳಹೊರಟವಳು ಪೂರ್ತಿ ಹೇಳಿದಳು. "ಒಂದಕ್ಕೆ ಹೊಯ್ವಷ್ಟರಲ್ಲಿ ನೀ ಬಂದ್ಬಿಟ್ಟೆ."

ಬೊಮ್ಮಯ್ಯನ ಹೆಬ್ಬೆರಳು ಎಡಗಡೆಯ ಕುದುರೆಗೆ ಹೋಯಿತು.

ಭವ್ಯಾಳ ಕೈಯಲ್ಲಿದ್ದದ್ದು ಹೆಲ್ಮೆಟ್ಟು. ಅದನ್ನೇ ಬೀಸಿ ಎಸೆದಳು, ಅವನ ಕಿವಿಯ ಮೇಲೆ ಬಡಿಯಿತು. ನೆಲದಲ್ಲಿ ಬಿದ್ದಿದ್ದ ಹರಿಶ್ಚಂದ್ರ ಮಾಮ ಹೇಗೋ ಮೊಣಕಾಲೂರಿ ಎದ್ದು ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆಗೇ ಎಳೆದುಕೊಂಡರು. ಕೋವಿ ಹಾರಿತು.

ಗುಡ್ಡ ಎರಡು ಸಲ ಪ್ರತಿಧ್ವನಿಸಿತು. ಹೊಗೆ ತಿಳಿಯಾದಾಗ ಮಾಮನ ಎಡ ಹೆಗಲು ಕಡಿದ ಮಾಂಸದ ಹಾಗೆ ಕಂಡಿತು. ಸುಟ್ಟ ಅಂಗಿ, ಸುಟ್ಟ ಚರ್ಮ, ಮದ್ದಿನ ಘಾಟು. ಆದರೂ ನಳಿಗೆಯನ್ನು ಬಿಟ್ಟಿರಲಿಲ್ಲ. ಬೊಮ್ಮಯ್ಯ ಕೋವಿ ಕಿತ್ತುಕೊಳ್ಳಲು ಜಗ್ಗಿದ, ಮಾಮನನ್ನೂ ಎಳೆದುಕೊಂಡೇ ಎರಡು ಹೆಜ್ಜೆ ಹಿಂದೆ ಹೋದ.

ಗಂಗೂ ಒನಕೆ ಎತ್ತಿದಳು. ದಿನವೂ ಎತ್ತುವಂತೆಯೇ ಎತ್ತಿ, ದಿನವೂ ಇಳಿಸುವಂತೆಯೇ ಇಳಿಸಿದಳು. ಬೊಮ್ಮಯ್ಯನ ಬಲಮೊಣಕೈ ತಿರುಗಬಾರದ ಕಡೆಗೆ ತಿರುಗಿತು. ಅವನು ಚೀರಿ ಕೆಳಗೆ ಕೂತ. ಒನಕೆ ಮತ್ತೆ ಮೇಲೆದ್ದಿತು, ಈ ಸಲ ತಲೆಯ ನೇರಕ್ಕೆ.

"ಗಂಗೂ," ಅಂದಳು ಕಾಮಿ. "ಬ್ಯಾಡ. ಅಂವ ಸತ್ರೆ ಜೈಲಿಗೆ ಹೋಗೂಳು ನೀನು."

ಒನಕೆ ಮೇಲೆಯೇ ನಿಂತಿತು. ಕೊನೆಗೆ ಗಂಗೂ ಅದನ್ನು ಪಕ್ಕಕ್ಕೆ ಬೀಳಿಸಿ, ತನ್ನ ಸೀರೆಯ ಸೆರಗು ಹರಿದು ಮಾಮನ ಹೆಗಲಿಗೆ ಒತ್ತಿದಳು.

ಕೋವಿಯ ಸದ್ದಿಗೆ ಕೇರಿಯೆಲ್ಲ ಬೇಲಿಯ ಬದಿಗೆ ಬಂದು ನಿಂತಿತ್ತು. ಪೇದೆ ಸಂದೀಪ ಏರಿಯ ಮೇಲೆ ಓಡಿಬಂದು ಕೋವಿ ಎತ್ತಿಕೊಂಡು, ಅಂಬುಲೆನ್ಸಿಗೆ ಫೋನು ಮಾಡಿ, ಬೊಮ್ಮಯ್ಯನ ಸೊಂಟಕ್ಕೆ ಹಗ್ಗ ಬಿಗಿದ.

"ಎಂತ ಆಯ್ತು? ಯಾರು ಹೇಳ್ತ್ರಿ?"

ಬೇಲಿಯ ಆಚೆಯಿಂದ ಒಬ್ಬ ಹಿರಿಯ ಕೆಮ್ಮಿದ. "ಕೋವಿ ತೊಳೀವಾಗ ಹಾರ್ತು ಅಂತ ಬರ್ಕಳಿ ಮಾರಾಯ್ರೆ. ಮನೆ ವಿಷಯ. ಗಂಡ ಹೆಂಡತಿ ನಾಳೆ ಒಂದಾಗ್ತಾರೆ."

ಬೊಮ್ಮಯ್ಯ ನರಳುತ್ತಲೇ ತಲೆ ಎತ್ತಿ ಗಂಗೂಳನ್ನು ನೋಡಿದ. ಮೂರು ವರ್ಷದ ಹಿಂದೆ ಠಾಣೆಯಲ್ಲಿ ಪಕ್ಕ ನಿಂತು ನೋಡಿದ ನೋಟವೇ ಅದು. ಭವ್ಯಾ ಗಂಗೂಳನ್ನೇ ನೋಡಿದಳು. ಇವಳು ಈಗಲೂ ಅದೇ ಮಾತು ಹೇಳಿದರೆ, ಕೈ ಮುರಿದವನು ಪ್ಲಾಸ್ಟರು ಬಿಚ್ಚಿದ ದಿನ ಮನೆಗೆ ಬರುತ್ತಾನೆ.

ಗಂಗೂ ಮಾಮನ ಹೆಗಲಿನಿಂದ ಕೈ ತೆಗೆಯದೆ ಹೇಳಿದಳು, "ತೊಳೀವಾಗ ಹಾರಿದ್ದಲ್ಲ. ಕೊಲ್ಲೂಕೆ ಹೊಡ್ದ. ಅವತ್ತೂ ತೊಳೀವಾಗ ಹಾರಿದ್ದಲ್ಲ. ಎರಡೂ ಬರ್ಕಳಿ."

"ನಾನೂ ಹೇಳ್ತೆ," ಅಂದಳು ಕಾಮಿ. ಮಗನ ಮುಖ ನೋಡಲಿಲ್ಲ.

ಮಾರನೆಯ ದಿನ ಉಮೇಶ ಫೋನಿನಲ್ಲಿ ಕೂಗಾಡಿದ. ಫೈಲು ಸೊನ್ನೆಯಾಗಿದ್ದದ್ದು ಹೌದೋ ಅಲ್ಲವೋ, ಈಗ ಮತ್ತೆ ಯಾಕೆ ತೆರೆದೆ ಎಂದು. ಕೇಳದೆ ತುಂಬಿದ ಸಾಲುಗಳನ್ನೆಲ್ಲ ಭವ್ಯಾ ವಾಪಸು ತೆಗೆದು ತಿರಸ್ಕೃತ ಫೈಲಿಗೇ ಹಾಕಿದ್ದಳು. "ಕೇಳ್ದೆ ಒಳಗೆ ನೂಕೂದೂ ಒಂದೇ, ಕೇಳ್ದೆ ಹೊರಗೆ ಬಿಡೂದೂ ಒಂದೇ ಸರ್," ಅಂದಳು. "ಹೊರಗೆ ಬಿಟ್ಟು ಕೇಶವನ ತಮ್ಮನ ತೊಡೆ ಹೋಯ್ತು, ಒಳಗೆ ನೂಕಿ ಮಾಮನ ಹೆಗಲು ಹೋಯ್ತು. ಕೆಲಸದಿಂದ ತೆಗೀತ್ರಿ ಅಂದ್ರೆ ತೆಗೀರಿ. ಇದು ಮುಗಿಸಿಯೇ ಹೋಗೂದು." ಉಮೇಶ ಫೋನಿಟ್ಟ. ತೆಗೆಯಲಿಲ್ಲ. ಬದಲಿಗೆ ಯಾರು ಸಿಗುತ್ತಾರೆ?

ಅವಳು ಲ್ಯಾಪ್‌ಟಾಪು ಹಿಡಿದುಕೊಂಡು ಆಸ್ಪತ್ರೆಗೆ ಹೋದಳು. ಹರಿಶ್ಚಂದ್ರ ಮಾಮನ ದವಡೆಯನ್ನು ತಂತಿಯಿಂದ ಬಿಗಿದಿದ್ದರು, ಹೆಗಲಿಗೆ ದಪ್ಪ ಪಟ್ಟಿ. ಮಾತಿಲ್ಲ. ಬಲಗೈ ನೆಟ್ಟಗಿತ್ತು, ದಿಂಬಿನ ಪಕ್ಕ ಕಾಗದ ಪೆನ್ನು. ಮಂಚದ ಪಕ್ಕ ನೆಲದಲ್ಲಿ ಗಂಗೂ ಗೋಡೆಗೊರಗಿ ಕೂತಿದ್ದಳು. ಹಿಂದಿನ ದಿನದಿಂದ ಅಲ್ಲಿಂದ ಎದ್ದಿರಲಿಲ್ಲ.

"ನಂಬರು ಖಾಲಿ ಬಿಟ್ಟ ಸಾಲೆಲ್ಲ ಓದ್ತೆ ಮಾಮಾ," ಅಂದಳು ಭವ್ಯಾ. "ಬೇಕು ಅಂತ ಬಿಟ್ಟದ್ದಿದ್ರೆ ಕೈ ಎತ್ತಿ."

ಮೊದಲನೆಯ ಹೆಸರು ಓದಿದಳು. ಮಾಮ ಪೆನ್ನು ಹಿಡಿದು ಕಾಗದದ ಮೇಲೆ ಗೀಚಿದರು. *ಅವತ್ತು ಹಲ್ಲುನೋವು.*

ಎರಡನೆಯದು. *ಸಾಹೇಬರ ಮಗಳ ಮದುವೆ. ಅವಸರ.*

ಮೂರನೆಯದು. *ಶುದ್ಧ ಸೋಮಾರಿತನ.*

ಭವ್ಯಾಳಿಗೆ ನಗು ಬಂತು, ನಗುವಾಗ ಹಣೆ ಎಳೆಯಿತು. ಕೊನೆಯವರೆಗೂ ಮಾಮನ ಕೈ ಮೇಲೇಳಲಿಲ್ಲ. ಅವರು ಬೇಕೆಂದೇ ಬಿಟ್ಟದ್ದು ಬೊಮ್ಮಯ್ಯನದೊಂದೇ. ಉಳಿದ ಕೋವಿಗಳ ಬಗ್ಗೆ ಆ ದಿನದ ಮಟ್ಟಿಗೆ ಉಸಿರು ಬಿಡಬಹುದಿತ್ತು. ಆದರೂ ಪ್ರತಿಯೊಬ್ಬರಿಗೂ ಫೋನು ಮಾಡಬೇಕು, ಮನೆಯ ಹೆಂಗಸರನ್ನೂ ಮಾತಾಡಿಸಬೇಕು ಎಂದು ಅವಳು ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

ಎಲ್ಲಕ್ಕಿಂತ ಕೊನೆಗೆ ಬೊಮ್ಮಯ್ಯನ ಸಾಲು ಬಂದಾಗ ಮಾಮ ಪೆನ್ನು ಕೆಳಗಿಟ್ಟು, ಗಂಗೂಳ ಕಡೆ ಬೆರಳು ತೋರಿಸಿದರು.

ತಿರಸ್ಕೃತ ಫೈಲಿನಲ್ಲಿ ಭವ್ಯಾ ಆ ಬೆಳಿಗ್ಗೆ ಒಂದು ಹೊಸ ಮನೆ ಸೇರಿಸಿದ್ದಳು. ಮೇಲೆ 'ಯಾಕೆ' ಎಂದು ಬರೆದಿದ್ದಳು. ಅದು ತುಂಬದೆ ಯಾವ ಸಾಲೂ ಇತ್ತ ಒಳಗೆ ಹೋಗುವಂತಿಲ್ಲ, ಅತ್ತ ಅಳಿಸಿಹೋಗುವಂತಿಲ್ಲ.

"ಯಾಕೆ ಅಂತ ಬರೀಲಿ ಗಂಗಕ್ಕಾ?"

ಗಂಗೂ ತನ್ನ ಎಡಗೈಯನ್ನು ಮಡಿಲಲ್ಲಿ ಬಿಡಿಸಿ ನೋಡಿಕೊಂಡಳು.

"ಗಂಡ ಎರಡು ಸಲ ಕೊಲ್ಲೂಕೆ ಬಂದ. ಹೆಂಡತಿ ಬಾಯ್ಬಿಟ್ಟು ಹೇಳಿದ್ಲು. ಹಂಗೆ ಬರಿ ತಂಗಿ. ಅಷ್ಟು ಬರಿಯೂಕೆ ಅದ್ರಲ್ಲಿ ಜಾಗ ಅದೆಯಾ?"

"ಇರ್ಲಿಲ್ಲ," ಅಂದಳು ಭವ್ಯಾ, ಟೈಪು ಮಾಡುತ್ತ. "ಈಗ ಅದೆ."